ಕನ್ನಡ ಎಂ.ಎ. ಮತ್ತು ಕಂಪ್ಯೂಟರ್: ಬಾಗೂರಿನ ಕಡೆಯಿಂದ ಒಂದು ಸಮೀಕ್ಷೆ

ಕನ್ನಡವನ್ನೋ ಇತಿಹಾಸವನ್ನೋ ಓದಿ ಮುಗಿಸಿದ ವಿದ್ಯಾರ್ಥಿಯ ಸ್ವವಿವರದಲ್ಲಿ ‘ಕಂಪ್ಯೂಟರ್ ಜ್ಞಾನ’ ಎಂಬ ಸಾಲು ತಪ್ಪದೆ ಇರುತ್ತದೆ. ಅದರ ಮುಂದೆ ವರ್ಡ್, ಎಕ್ಸೆಲ್, ನುಡಿ, ಕೆಲವರದಾದರೆ ಟ್ಯಾಲಿ. ಈ ಹೆಸರುಗಳಿಗೂ ಅವರು ಓದಿದ ಪಂಪ, ಬಸವಣ್ಣ, ಚಿತ್ರದುರ್ಗದ ಪಾಳೆಯಗಾರರಿಗೂ ಏನು ಸಂಬಂಧ ಎಂದು ಸಂದರ್ಶನದಲ್ಲಿ ಕೇಳುವವರಿಲ್ಲ. ಬರೆದವರಿಗೂ ಆ ಪ್ರಶ್ನೆ ಹೊಳೆದಿರುವುದಿಲ್ಲ. ಓದು ಪದವಿಗೆ, ಕಂಪ್ಯೂಟರ್ ಹೊಟ್ಟೆಪಾಡಿಗೆ ಎಂಬ ಒಪ್ಪಂದ ನಮ್ಮ ಕಾಲೇಜುಗಳಲ್ಲಿ ಸದ್ದಿಲ್ಲದೆ ಜಾರಿಯಲ್ಲಿದೆ.

ಈ ಎರಡನ್ನೂ ಒಂದೇ ಕೆಲಸದಲ್ಲಿ ಕೂಡಿಸುವ ಶಿಸ್ತಿಗೆ ಡಿಜಿಟಲ್ ಮಾನವಿಕ ಎನ್ನುತ್ತಾರೆ. ಸಾಹಿತ್ಯ, ಶಾಸನ, ಹಸ್ತಪ್ರತಿ, ಹಾಡು, ನಕ್ಷೆಗಳನ್ನು ಕಂಪ್ಯೂಟರ್ ಓದಬಲ್ಲ ರೂಪಕ್ಕೆ ತಂದು, ಒಬ್ಬರು ಕೂತು ಓದಿದರೆ ಮುಗಿಯದಂಥ ಪ್ರಶ್ನೆಗಳನ್ನು ಅವುಗಳಿಗೆ ಕೇಳುವುದು ಅದರ ಕೆಲಸ. ಹೊಸದುರ್ಗ ತಾಲ್ಲೂಕಿನ ಬಾಗೂರಿನಂಥ ಊರಿನಿಂದ ಬಂದು ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗದ ಕಾಲೇಜುಗಳಲ್ಲಿ ಓದುವವರು ಇದರಲ್ಲಿ ಏನನ್ನು ಕಲಿಯಬೇಕು, ಯಾವ ತಂತ್ರಾಂಶ ಯಾವ ಕೆಲಸಕ್ಕೆ ಬರುತ್ತದೆ, ಕನ್ನಡದಲ್ಲಿ ಈಗಾಗಲೇ ಏನೇನು ಆಗಿದೆ, ತೊಡಕು ಎಲ್ಲಿದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಉಪಕರಣಗಳಿಗೆ ಈಗ ಬರವಿಲ್ಲ, ಬಹುಪಾಲು ಉಚಿತವಾಗಿಯೇ ಸಿಗುತ್ತವೆ. ಬರ ಇರುವುದು ಹಳಗನ್ನಡವನ್ನೂ ಶಾಸನವನ್ನೂ ಊರ ಮಾತನ್ನೂ ಬಲ್ಲವರು ಆ ಉಪಕರಣ ಹಿಡಿಯುವುದಕ್ಕೆ. ಅಂಥವರು ಇರುವುದು ಇಂಥ ಊರುಗಳ ಬಿ.ಎ., ಎಂ.ಎ. ತರಗತಿಗಳಲ್ಲೇ. ಅವರ ಕೆಲಸಕ್ಕೆ ಅಂಕವನ್ನೂ ಮನ್ನಣೆಯನ್ನೂ ಕೊಡುವ ವ್ಯವಸ್ಥೆಯನ್ನು ಮಾತ್ರ ನಾವು ಕಟ್ಟಿಲ್ಲ.

ಪ್ರಶ್ನೆ ಮೊದಲು, ಯಂತ್ರ ಆಮೇಲೆ

ಈ ಶಿಸ್ತಿನ ಚರಿತ್ರೆಯನ್ನು ಸಾಮಾನ್ಯವಾಗಿ ಇಟಲಿಯ ಜೆಸ್ಯೂಟ್ ಪಾದ್ರಿ ರೊಬೆರ್ತೊ ಬುಸಾ ಅವರಿಂದ ಆರಂಭಿಸುತ್ತಾರೆ. ಮಧ್ಯಯುಗದ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ‘ಸಾನ್ನಿಧ್ಯ’ದ ಬಗ್ಗೆ ಏನು ಹೇಳಿದ ಎಂದು ಬುಸಾ ಹುಡುಕುತ್ತಿದ್ದರು. ಉತ್ತರದ ಕೀಲಿ ಇದ್ದದ್ದು ‘ಒಳಗೆ’ ಎಂಬರ್ಥ ಕೊಡುವ ಪುಟ್ಟ ಲ್ಯಾಟಿನ್ ಪದದಲ್ಲಿ. ಅದರ ಬಳಕೆಗಳನ್ನು ಕೈಯಲ್ಲೇ ಸುಮಾರು 10,000 ಚೀಟಿಗಳಲ್ಲಿ ಬರೆದ ಮೇಲೆ, 1949ರಲ್ಲಿ ಅವರು ಐಬಿಎಂ ಕಂಪನಿಯ ಬಾಗಿಲು ತಟ್ಟಿದರು. ರಂಧ್ರ ಕೊರೆದ ಕಾರ್ಡುಗಳಿಂದ ಶುರುವಾದ ಆ ಕೆಲಸ 1974ರಿಂದ 1980ರ ನಡುವೆ 56 ಸಂಪುಟಗಳ ಪದಸೂಚಿಯಾಗಿ ಅಚ್ಚಾಯಿತು. ಪ್ರಶ್ನೆ ಮೊದಲು ಹುಟ್ಟಿತು, ಯಂತ್ರ ಆಮೇಲೆ ಬಂತು. ಈ ಕ್ರಮವನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಕನ್ನಡಕ್ಕೆ ಈ ಚೀಟಿ ಸಂಪ್ರದಾಯ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು, 1995ರಲ್ಲಿ ಕೊನೆಯ ಸಂಪುಟ ಹೊರಬರುವವರೆಗೂ, ಕಾವ್ಯ ಮತ್ತು ಶಾಸನಗಳಿಂದ ಪ್ರಯೋಗಗಳನ್ನು ಆಯ್ದು ಚೀಟಿಗೆ ಇಳಿಸಿದ ವಿದ್ವಾಂಸರ ದುಡಿಮೆಯಿಂದ ಬೆಳೆಯಿತು. ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಸಂಕೇತಸೂಚಿ 1977ರಲ್ಲಿ ಪ್ರಕಟವಾದಾಗ ಅದರ ಕಂಪ್ಯೂಟರ್ ಕೆಲಸದಲ್ಲಿ ಕೈಜೋಡಿಸಿದ್ದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್. ಅವರೇ ಮುಂದೆ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ‘ಸೇಡಿಯಾಪು’ ತಂತ್ರಾಂಶ ರೂಪಿಸಿದರು. ಅವರು ಹಾಕಿಕೊಟ್ಟ ಕೀಲಿಮಣೆ ವಿನ್ಯಾಸವೇ ಇಂದು ನುಡಿ ತಂತ್ರಾಂಶದಲ್ಲಿ ನಾವು ಬೆರಳಾಡಿಸುವ ವಿನ್ಯಾಸದ ತಳಹದಿ.

ಚಿತ್ರದುರ್ಗ ಜಿಲ್ಲೆಗೂ ಈ ಚರಿತ್ರೆಯಲ್ಲಿ ಪಾಲಿದೆ. ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸುಮಾರು 4,000 ಸೂತ್ರಗಳ ಅಷ್ಟಾಧ್ಯಾಯಿಯನ್ನು ಕಂಪ್ಯೂಟರಿಗೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ಕೊಟ್ಟರು. ವ್ಯಾಕರಣದಲ್ಲಿ ಮುಳುಗಿದ ವಿದ್ವಾಂಸರೇ ಪ್ರೋಗ್ರಾಮಿಂಗ್ ಕಲಿತು ಮಾಡಿದ ಕೆಲಸ ಅದು. ಡಿಜಿಟಲ್ ಮಾನವಿಕ ಮಹಾನಗರದ ಸಂಗತಿ, ನಮಗಲ್ಲ ಎಂದು ಭಾವಿಸುವ ವಿದ್ಯಾರ್ಥಿಗೆ ಈ ಜಿಲ್ಲೆಯೊಳಗಿನ ಈ ಒಂದು ಉದಾಹರಣೆ ಸಾಕು.

ಅಕ್ಷರದ ಹಂತ

ಮೊದಲ ಕೌಶಲ ಟೈಪಿಂಗ್ ಅಲ್ಲ, ಟೈಪ್ ಮಾಡಿದ್ದು ಕಂಪ್ಯೂಟರಿನೊಳಗೆ ಹೇಗೆ ಕೂರುತ್ತದೆ ಎಂಬ ತಿಳಿವು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಉಳಿದಿರುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅದನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ನಮ್ಮ ಎಷ್ಟೋ ಪ್ರಬಂಧ, ಪುಸ್ತಕ, ಪತ್ರಿಕೆಗಳ ಕಡತಗಳು ಇನ್ನೂ ಆ ಹಳೆಯ ರೂಪದಲ್ಲೇ ಇವೆ. ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರ, ಅರ್ಕಾವತ್ತುಗಳನ್ನು ಸಾಲುಸಾಲಾಗಿ ತಿದ್ದಬಲ್ಲ ವಿದ್ಯಾರ್ಥಿ ಈಗಲೇ ಕೆಲಸಕ್ಕೆ ಬರುತ್ತಾನೆ.

ಯೂನಿಕೋಡಿನಲ್ಲೂ ಸೂಕ್ಷ್ಮಗಳಿವೆ. ‘ಬಾಗೂರು’ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಅದು ಆರು ಸಂಕೇತ: ಬ, ಆಕಾರದ ಚಿಹ್ನೆ, ಗ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದದ ಉದ್ದ ಕೇಳಿದರೆ ಬರುವ ಉತ್ತರ 6. ಇನ್ನು ಹುಡುಕುವ ಪಟ್ಟಿಯಲ್ಲಿ ‘ಊರು’ ಎಂದು ಕೊಟ್ಟರೆ ಬಾಗೂರೂ ಸಿಗುವುದಿಲ್ಲ, ಹಿರಿಯೂರೂ ಸಿಗುವುದಿಲ್ಲ. ಪದದ ಮೊದಲಲ್ಲಿ ಬರುವ ‘ಊ’ ಸ್ವರಕ್ಕೂ ಗಕಾರಕ್ಕೆ ಅಂಟಿದ ಊಕಾರಕ್ಕೂ ಬೇರೆಬೇರೆ ಸಂಕೇತಗಳಿರುವುದೇ ಕಾರಣ. ಸ್ಥಳನಾಮಗಳನ್ನು ಅಭ್ಯಾಸ ಮಾಡುವವರಿಗೆ ಇದು ತಿಳಿಯದಿದ್ದರೆ ಇಡೀ ಜಿಲ್ಲೆಯಲ್ಲಿ ‘ಊರು’ ಅಂತ್ಯದ ಊರುಗಳೇ ಇಲ್ಲ ಎಂಬ ತೀರ್ಮಾನಕ್ಕೆ ಬರಬೇಕಾದೀತು.

‘ಹೊಸದುರ್ಗ’ದ ಕತೆ ಇನ್ನೂ ವಿಚಿತ್ರ. ‘ಹೊ’ದ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಇಡಬಹುದು. ಮೊದಲ ಬಗೆಯಲ್ಲಿ ಪದಕ್ಕೆ 8 ಸಂಕೇತ, ಎರಡನೆಯದರಲ್ಲಿ 9. ಪರದೆಯ ಮೇಲೆ ಎರಡೂ ಒಂದೇ. ಹುಡುಕಿದರೆ ಮಾತ್ರ ಒಂದಕ್ಕೆ ಇನ್ನೊಂದು ಸಿಗದೆ ಹೋಗಬಹುದು. ಇದನ್ನು ಸರಿಪಡಿಸುವ ಕ್ರಮಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಪೈಥಾನಿನಲ್ಲಿ ಒಂದು ಸಾಲಿನ ಕೆಲಸ ಅದು. ಆದರೆ ಆ ಒಂದು ಸಾಲು ಬೇಕು ಎಂದು ಗೊತ್ತಿರಬೇಕು.

ಹಳಗನ್ನಡಕ್ಕೆ ಬಂದರೆ ಱ, ೞಗಳನ್ನು ಮೊಬೈಲಿನ ಎಷ್ಟೋ ಕೀಲಿಮಣೆಗಳಲ್ಲಿ ತಡಕಾಡಬೇಕು. ೞಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮದಿಂದ ಅದು ಹಾಗೇ ಉಳಿದು, ಪಕ್ಕದಲ್ಲಿ ತಿದ್ದುಪಡಿ ಸೂಚನೆ ಸೇರಿದೆ. ಹಳೆಯ ಬರಹದ ನಕಾರ ಪೊಲ್ಲು 2021ರಲ್ಲಷ್ಟೇ ಸೇರ್ಪಡೆಯಾಯಿತು. ನಮ್ಮದೇ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನವನ್ನು ನೋಡಿ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಆ ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ, ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬ್ರಾಹ್ಮಿ ಎಡದಿಂದ ಬಲಕ್ಕೆ, ಖರೋಷ್ಠಿ ಬಲದಿಂದ ಎಡಕ್ಕೆ. ಒಂದೇ ಸಾಲಿನಲ್ಲಿ ಎರಡು ದಿಕ್ಕು. ಇದನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಕೂರಿಸುವವರು ಲಿಪಿಶಾಸ್ತ್ರವನ್ನೂ ಸಂಕೇತವಿಧಾನವನ್ನೂ ಬಲ್ಲವರೇ ಆಗಿರಬೇಕು.

ಪುಟದಿಂದ ಪಠ್ಯಕ್ಕೆ

ಹಳೆಯ ಪುಸ್ತಕಗಳ ಪುಟಚಿತ್ರಗಳಿಗೆ ಈಗ ಕೊರತೆಯಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ಓಂಶಿವಪ್ರಕಾಶ್ ಮತ್ತು ಗೆಳೆಯರು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಲ್ಲಿ ಆ ಭಂಡಾರವನ್ನು ಬೆಳೆಸುತ್ತ ಬಂದಿದ್ದಾರೆ. ಆದರೆ ಪುಟದ ಚಿತ್ರ ಇನ್ನೂ ಪಠ್ಯವಲ್ಲ. ಚಿತ್ರದಿಂದ ಅಕ್ಷರ ಎತ್ತುವ ಕೆಲಸಕ್ಕೆ ಓಸಿಆರ್ ಬೇಕು. 2005ರಲ್ಲಿ ಮುಕ್ತವಾದ ಟೆಸರ‍್ಯಾಕ್ಟ್ ಕನ್ನಡವನ್ನು ಓದುತ್ತದೆ, ಗೂಗಲ್ ಓದುತ್ತದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ‘ಲಿಪಿ ಜ್ಞಾನಿ’ಯೂ ಇದೆ. ಹೊಸ ಅಚ್ಚಿನ ಪುಟವನ್ನು ಇವು ಚೆನ್ನಾಗಿಯೇ ಓದುತ್ತವೆ. ಮಾಸಿದ ಹಳೆಯ ಅಚ್ಚಿನಲ್ಲಿ ಥ, ಧಗಳೂ ಪ, ಷಗಳೂ ಅದಲುಬದಲಾಗುತ್ತವೆ, ಒತ್ತಕ್ಷರಗಳು ಜಾರುತ್ತವೆ.

ಇಲ್ಲಿ ಬೇಕಾಗುವುದು ಓದುಗನ ಕಣ್ಣು. ಕನ್ನಡ ವಿಕಿಸೋರ್ಸ್‌ನಲ್ಲಿ ಈ ಕೆಲಸ ನಡೆಯುವ ಬಗೆ ವಿದ್ಯಾರ್ಥಿಗೆ ಒಳ್ಳೆಯ ಪಾಠಶಾಲೆ. ಎಡಕ್ಕೆ ಪಠ್ಯ, ಬಲಕ್ಕೆ ಪುಟಚಿತ್ರ. ಯಾರೂ ತಿದ್ದದ ಪುಟ ಕೆಂಪು, ಒಬ್ಬರು ಕರಡು ತಿದ್ದಿದ ಪುಟ ಹಳದಿ, ಎರಡನೆಯವರು ಮತ್ತೆ ನೋಡಿ ಒಪ್ಪಿದ ಪುಟ ಹಸಿರು. ಯಾವ ಪುಟವನ್ನು ಯಾರು ಯಾವಾಗ ತಿದ್ದಿದರು ಎಂಬ ದಾಖಲೆ ಶಾಶ್ವತವಾಗಿ ಉಳಿಯುತ್ತದೆ. ಬೆಂಗಳೂರಿನ ಕ್ರೈಸ್ಟ್, ಮೂಡುಬಿದಿರೆಯ ಆಳ್ವಾಸ್‌ನಂಥ ಕಾಲೇಜುಗಳು ವಿದ್ಯಾರ್ಥಿಗಳನ್ನು ಕನ್ನಡ ವಿಕಿಮೀಡಿಯ ಕೆಲಸಕ್ಕೆ ತೊಡಗಿಸಿ ಇದು ತರಗತಿಯೊಳಗೆ ಸಾಧ್ಯ ಎಂದು ತೋರಿಸಿವೆ.

ಹಕ್ಕುಸ್ವಾಮ್ಯದ ತಿಳಿವೂ ಇದೇ ಹಂತದಲ್ಲಿ ಬರಬೇಕು. ನಮ್ಮ 1957ರ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡು 60 ವರ್ಷದವರೆಗೆ ಕೃತಿಗೆ ರಕ್ಷಣೆ ಇರುತ್ತದೆ. ರೈಸ್ 1927ರಲ್ಲಿ ತೀರಿಕೊಂಡವರು, ಅವರ ಶಾಸನ ಸಂಪುಟಗಳನ್ನು ಯಾರಾದರೂ ಬಳಸಬಹುದು. ತಳುಕಿನ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅವರ ‘ದುರ್ಗಾಸ್ತಮಾನ’ವನ್ನು ಟೈಪ್ ಮಾಡಿ ಎಲ್ಲರಿಗೂ ಹಂಚುವಂತಿಲ್ಲ, ಆ ರಕ್ಷಣೆ 2044ರ ಕೊನೆಯವರೆಗೂ ಇದೆ. ಮುಕ್ತ ಜ್ಞಾನದ ಉತ್ಸಾಹದಲ್ಲಿ ಈ ಗೆರೆಯನ್ನು ದಾಟದಿರುವುದೂ ಒಂದು ಕೌಶಲ.

ಎಣಿಕೆ, ಹುಡುಕಾಟ, ವಿವೇಕ

ಶುದ್ಧ ಪಠ್ಯ ಸಿಕ್ಕ ಮೇಲೆ ಅದನ್ನು ಎಣಿಸಬಹುದು, ಹೋಲಿಸಬಹುದು. ಆಂಟ್‌ಕಾಂಕ್, ವೋಯಾಂಟ್ ಟೂಲ್ಸ್ ಎಂಬ ಉಚಿತ ತಂತ್ರಾಂಶಗಳು ಒಂದು ಪದ ಎಲ್ಲೆಲ್ಲಿ ಬಂದಿದೆ, ಅದರ ಅಕ್ಕಪಕ್ಕ ಏನಿದೆ ಎಂದು ಕ್ಷಣದಲ್ಲಿ ತೋರಿಸುತ್ತವೆ. ಕನ್ನಡದಲ್ಲಿ ಈ ದಿಕ್ಕಿನ ದೊಡ್ಡ ಹೆಜ್ಜೆ ‘ವಚನ ಸಂಚಯ’. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರ 1993ರಲ್ಲಿ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ವಚನಗಳನ್ನು ಒಂದೆಡೆ ಸೇರಿಸಿತ್ತು. ಮುಂದೆ ಓ.ಎಲ್. ನಾಗಭೂಷಣಸ್ವಾಮಿ ಅವರ ಮಾರ್ಗದರ್ಶನದಲ್ಲಿ ವಸುಧೇಂದ್ರ, ಓಂಶಿವಪ್ರಕಾಶ್, ದೇವರಾಜು ಅವರು 20,000ಕ್ಕೂ ಹೆಚ್ಚು ವಚನಗಳಲ್ಲಿ ಯಾವ ಪದವನ್ನಾದರೂ ಹುಡುಕುವಂತೆ ಮಾಡಿದರು. ಸಾಹಿತಿಯೂ ತಂತ್ರಜ್ಞರೂ ಒಟ್ಟಿಗೆ ಕೂತು ಮಾಡಿದ್ದೇ ಆ ಕೆಲಸದ ಬಲ. ನಿಘಂಟಿನ ಕಡೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ದತ್ತಾಂಶವಾಗಿ ಎಲ್ಲರಿಗೂ ಸಿಕ್ಕಿತು.

ಆದರೆ ಎಣಿಕೆಯ ಫಲಿತಾಂಶವನ್ನು ಓದುವುದಕ್ಕೆ ಸಾಹಿತ್ಯ ಗೊತ್ತಿರಬೇಕು. ಬಸವಣ್ಣನ ವಚನಗಳನ್ನು ವೋಯಾಂಟ್‌ಗೆ ಕೊಟ್ಟರೆ ಅತಿ ದೊಡ್ಡದಾಗಿ ಕಾಣುವ ಪದಗಳಲ್ಲಿ ‘ಕೂಡಲಸಂಗಮದೇವ’ ಇರುವುದು ಖಚಿತ. ಬಸವಣ್ಣನ ಮನಸ್ಸಿನ ಕೇಂದ್ರ ಇದು ಎಂದು ವಚನ ಓದದವನು ಬರೆದುಬಿಡಬಹುದು. ಅದು ಅಂಕಿತ, ವಚನಕ್ಕೊಂದು ಇದ್ದೇ ಇರುತ್ತದೆ ಎಂದು ಗೊತ್ತಿರುವವನು ಅದನ್ನು ಬದಿಗಿಟ್ಟು ಉಳಿದದ್ದನ್ನು ಎಣಿಸುತ್ತಾನೆ. ಇನ್ನೂ ಬಲ್ಲವನು ಅದನ್ನು ಬದಿಗಿಡುವುದರ ಬದಲು, ಅಂಕಿತದ ಹಿಂದಿನ ಕ್ರಿಯಾಪದಗಳನ್ನಷ್ಟೇ ಆಯ್ದು ಬಸವಣ್ಣ ತನ್ನ ದೇವರನ್ನು ಯಾವ ಯಾವ ಧಾಟಿಯಲ್ಲಿ ಮಾತಾಡಿಸುತ್ತಾನೆ ಎಂದು ನೋಡುತ್ತಾನೆ. ಮೂವರ ಕೈಯಲ್ಲೂ ಇರುವುದು ಒಂದೇ ತಂತ್ರಾಂಶ.

ಕನ್ನಡದ ರಚನೆಯೂ ಎಣಿಕೆಗೆ ಸವಾಲು. ಬಾಗೂರು, ಬಾಗೂರಿನ, ಬಾಗೂರಿಗೆ, ಬಾಗೂರಿನಿಂದ, ಬಾಗೂರಲ್ಲೇ ಎಂಬ ಐದು ರೂಪಗಳು ಇಂಗ್ಲಿಷಿಗಾಗಿ ಕಟ್ಟಿದ ಉಪಕರಣದ ಲೆಕ್ಕದಲ್ಲಿ ಐದು ಬೇರೆ ಪದ. ಸಂಧಿಯಾದರೆ ಎರಡು ಪದ ಒಂದಾಗುತ್ತದೆ. ವಿಭಕ್ತಿಯನ್ನು ಕಳಚಿ ಮೂಲಪದ ಹಿಡಿಯುವ ಪಟ್ಟಿ ತಯಾರಿಸಲು ಕೇಶಿರಾಜನ ಸೂತ್ರಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಎಂ.ಎ. ವಿದ್ಯಾರ್ಥಿಗಿಂತ ತಕ್ಕವರು ಯಾರು? ವ್ಯಾಕರಣದ ಪತ್ರಿಕೆ ಸತ್ತ ಪಾಠ ಎಂದು ಗೊಣಗುವವರಿಗೆ ಅದರ ಹೊಸ ಉಪಯೋಗ ಇಲ್ಲಿದೆ.

ಕಲ್ಲು ಮತ್ತು ನಕ್ಷೆ

ಚೆನ್ನಕೇಶವ ದೇವಸ್ಥಾನವಿರುವ ಬಾಗೂರಿನ ವಿದ್ಯಾರ್ಥಿಗೆ ಹಳೆಯ ಕಲ್ಲು, ಶಾಸನಗಳ ಪರಿಸರ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಶಾಸನಗಳ ಎಪಿಗ್ರಾಫಿಯಾ ಕರ್ನಾಟಿಕಾ 11ನೆಯ ಸಂಪುಟವನ್ನು ರೈಸ್ 1903ರಲ್ಲಿ ತಂದರು. ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಂಬ ಮೂರು ಭಾಗ, ತಾಲ್ಲೂಕುವಾರು ಕ್ರಮಸಂಖ್ಯೆ. ಅಂದರೆ 120 ವರ್ಷಗಳ ಹಿಂದೆಯೇ ಒಂದು ದತ್ತಾಂಶದ ಅಚ್ಚುಕಟ್ಟು ಅದಕ್ಕಿತ್ತು. ಹೊಸದುರ್ಗ ತಾಲ್ಲೂಕಿನ ಭಾಗವನ್ನಷ್ಟೇ ಎಕ್ಸೆಲ್ ಹಾಳೆಗೆ ಇಳಿಸಿ, ಊರು, ಕಾಲ, ಅರಸು, ದಾನ ಕೊಟ್ಟವರು, ದಾನದ ಸ್ವರೂಪ, ಕಲ್ಲು ಈಗ ಎಲ್ಲಿದೆ ಎಂದು ಕಾಲಂ ಮಾಡಿದರೆ ಅದು ಎಂ.ಎ. ಕಿರುಪ್ರಬಂಧಕ್ಕೆ ಮೀರಿದ ಕೆಲಸ.

ಹಾಳೆ ತುಂಬುವಾಗಲೇ ವಿವೇಚನೆ ಬೇಕಾಗುತ್ತದೆ. ಬಾಗೂರು ಒಂದೇ ಅಲ್ಲ. ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಹೇಮಾವತಿ ನಾಲೆಯ ನವಿಲೆ ಸುರಂಗದಿಂದ ಹೆಸರಾದ ಇನ್ನೊಂದು ಬಾಗೂರಿದೆ. ಊರ ಹೆಸರು ಕೊಟ್ಟು ನಕ್ಷೆಯ ಮೇಲೆ ಚುಕ್ಕಿ ಇಡಲು ಕಂಪ್ಯೂಟರಿಗೆ ಬಿಟ್ಟರೆ ಹೊಸದುರ್ಗದ ಶಾಸನ ಹಾಸನಕ್ಕೆ ಹೋಗಿ ಕೂರಬಹುದು. ಜಿಲ್ಲೆಯ ಗಡಿಯೂ ಹಾಗೆಯೇ. ರೈಸ್ ಚಿತ್ರದುರ್ಗಕ್ಕೆ ಸೇರಿಸಿದ ದಾವಣಗೆರೆ, ಜಗಳೂರುಗಳು 1997ರಿಂದ ಬೇರೆ ಜಿಲ್ಲೆ. ರೈಸ್ ನೋಡಿದ ಕೆಲವು ಹಳ್ಳಿಗಳು ಇಂದು ಕಂದಾಯ ದಾಖಲೆಯಲ್ಲಿ ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳಾಗಿರಬಹುದು. ಊರ ಹಿರಿಯರನ್ನು ಕೇಳಿ, ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಕಲ್ಲಿನ ಮುಂದೆ ನಿಂತು ಅಕ್ಷಾಂಶ ರೇಖಾಂಶ ಬರೆದುಕೊಂಡರೆ ಮಾತ್ರ ಚುಕ್ಕಿ ಸರಿಯಾದ ಜಾಗಕ್ಕೆ ಬೀಳುತ್ತದೆ. ಆಮೇಲೆ ಕ್ಯೂಜಿಐಎಸ್ ಎಂಬ ಉಚಿತ ನಕ್ಷಾ ತಂತ್ರಾಂಶದಲ್ಲಿ ವೇದಾವತಿಯ ಹರಿವು, ಕೆರೆಗಳು, ವೀರಗಲ್ಲುಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟು ನೋಡಬಹುದು. ತುರುಗೋಳಿನ ವೀರಗಲ್ಲುಗಳು ಹುಲ್ಲುಗಾವಲಿನ ಅಂಚಿಗಿವೆಯೇ, ಕೆರೆಯ ದಾನಶಾಸನಗಳು ಯಾವ ಕಾಲದಲ್ಲಿ ಹೆಚ್ಚು ಎಂಬಂಥ ಪ್ರಶ್ನೆಗಳನ್ನು ಕೇಳಬಹುದು.

ಕಲ್ಲಿನ ಚಿತ್ರ ತೆಗೆಯುವುದೂ ಒಂದು ಹದ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ, ಇಲ್ಲವೇ ರಾತ್ರಿ ಬದಿಯಿಂದ ಟಾರ್ಚ್ ಹಿಡಿದು ತೆಗೆದರೆ ಗೆರೆಗಳಿಗೆ ನೆರಳು ಬಿದ್ದು ಅಕ್ಷರ ಏಳುತ್ತದೆ. ಇದೇ ತತ್ತ್ವವನ್ನು ಮುಂದಕ್ಕೆ ಒಯ್ದದ್ದು ಬೆಂಗಳೂರಿನ ಮಿಥಿಕ್ ಸೊಸೈಟಿ. ಪಿ.ಎಲ್. ಉದಯಕುಮಾರ್ ಅವರ ತಂಡ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ತ್ರಿಆಯಾಮದ ಸ್ಕ್ಯಾನರಿನಿಂದ ದಾಖಲಿಸುತ್ತಿದೆ. ಅಕ್ಷರಗಳ ಆಳವನ್ನೇ ಅಳೆಯುವುದರಿಂದ ಹಳೆಯ ಓದುಗಳನ್ನು ಮತ್ತೆ ಪರೀಕ್ಷಿಸಲು ಸಾಧ್ಯವಾಗಿದೆ. ಅಷ್ಟು ಬೆಲೆಯ ಸ್ಕ್ಯಾನರ್ ನಮ್ಮ ಕಾಲೇಜುಗಳಿಗೆ ಸಿಗಲಾರದು. ಆದರೆ ಮೊಬೈಲಿನಲ್ಲಿ ಸುತ್ತಲಿಂದ ಹತ್ತಾರು ಚಿತ್ರ ತೆಗೆದು ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶದಿಂದ ಮಾದರಿ ಕಟ್ಟಬಹುದು.

ಓದು ಖಚಿತವಲ್ಲದ ಕಡೆ ಹಾಗೆಂದು ಗುರುತು ಹಾಕುವುದು ಈ ಕೆಲಸದ ನೀತಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನವನ್ನು ಎಂ.ಎಚ್. ಕೃಷ್ಣ ಓದಿದಾಗ ಅದರಲ್ಲಿ ದೂರದೂರದ ರಾಜವಂಶಗಳ ಹೆಸರು ಕಂಡಿದ್ದರು. ನಂತರದ ವಿದ್ವಾಂಸರು ಆ ಓದನ್ನು ಪ್ರಶ್ನಿಸಿದರು. ಮಯೂರಶರ್ಮನ ರಾಜ್ಯ ಎಷ್ಟು ದೊಡ್ಡದಿತ್ತು ಎಂಬ ಚರ್ಚೆ ಕೆಲವು ಸವೆದ ಅಕ್ಷರಗಳ ಮೇಲೆ ನಿಂತಿದೆ. ಶಾಸನಗಳಿಗಾಗಿಯೇ ಇರುವ ಎಪಿಡಾಕ್ ಎಂಬ ಗುರುತಿನ ಪದ್ಧತಿಯಲ್ಲಿ ಸ್ಪಷ್ಟವಾಗಿ ಕಂಡ ಅಕ್ಷರ, ಅಸ್ಪಷ್ಟ ಅಕ್ಷರ, ಸಂಪಾದಕ ಊಹಿಸಿ ತುಂಬಿದ ಅಕ್ಷರ ಎಂದು ಬೇರೆಬೇರೆಯಾಗಿ ನಮೂದಿಸಬಹುದು. ಯಾರ ಓದು ಯಾವುದು ಎಂದೂ ಜೋಡಿಸಬಹುದು. ಇದನ್ನು ಕಲಿತ ವಿದ್ಯಾರ್ಥಿಗೆ ಪಾಠಾಂತರ ಎಂದರೇನು, ಸಂಪಾದಕನ ಹೊಣೆ ಎಂದರೇನು ಎಂಬುದು ಗ್ರಂಥಸಂಪಾದನೆಯ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾಗುತ್ತದೆ.

ದನಿಯ ದಾಖಲೆ

ಮಧ್ಯ ಕರ್ನಾಟಕದ ಈ ಭಾಗದ ದೊಡ್ಡ ಗ್ರಂಥಾಲಯ ಇರುವುದು ಬಾಯಿಯಲ್ಲಿ. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಸಿರಿಯಜ್ಜಿ ಓದು ಬರಹ ಇಲ್ಲದೆಯೂ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ಅವರು ಆ ಹಾಡುಗಳನ್ನು ಸಂಗ್ರಹಿಸಿದ್ದರಿಂದ ನಾಡಿಗೆ ಅವರ ಪರಿಚಯವಾಯಿತು. ಜುಂಜಪ್ಪ, ಎತ್ತಪ್ಪರ ಕತೆಗಳನ್ನು ಹಾಡುವವರು ಹಿರಿಯೂರು, ಹೊಸದುರ್ಗದ ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ಹೊಸದುರ್ಗ ತಾಲ್ಲೂಕಿನದೇ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿ ಕಟ್ಟಿದ ಶಿವಸಂಚಾರ ವರ್ಷವರ್ಷವೂ ನಾಡಿನಾದ್ಯಂತ ನಾಟಕ ಒಯ್ಯುತ್ತದೆ. ಒಂದೇ ನಾಟಕ ಊರಿಂದೂರಿಗೆ ಹೇಗೆ ಬದಲಾಯಿತು ಎಂಬುದೇ ಒಂದು ಸಂಶೋಧನೆಯ ವಸ್ತು.

ಇಲ್ಲಿಗೆ ಬೇಕಾದ ಉಪಕರಣ ಎರಡೇ. ಧ್ವನಿ ಶುದ್ಧಮಾಡಲು ಆಡಾಸಿಟಿ. ಹಾಡಿನ ಪ್ರತಿ ಸಾಲನ್ನೂ ಅದರ ಕ್ಷಣಕ್ಕೆ ಜೋಡಿಸಿ ಲಿಪ್ಯಂತರ ಬರೆಯಲು ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಈಲಾನ್. ಎರಡೂ ಉಚಿತ. ಹಾಡುವವರು ಯಾರ ಮಗಳು, ಯಾವ ಹಟ್ಟಿ, ಯಾವ ಸಂದರ್ಭದ ಹಾಡು, ರೆಕಾರ್ಡು ಮಾಡಿದ್ದು ಎಂದು, ಯಾರು ಎಂಬ ವಿವರವಿಲ್ಲದ ಧ್ವನಿಕಡತ ಹತ್ತು ವರ್ಷಕ್ಕೆ ಅನಾಥವಾಗುತ್ತದೆ. ಎಲ್ಲಕ್ಕಿಂತ ಮೊದಲು ಒಪ್ಪಿಗೆ. ದೇವರ ಪರಿಷೆಯಲ್ಲಿ ಮಾತ್ರ ಹಾಡುವ ಹಾಡನ್ನು ಯೂಟ್ಯೂಬಿಗೆ ಹಾಕಬಹುದೇ ಎಂದು ಹಾಡಿದವರನ್ನೂ ಹಟ್ಟಿಯ ಹಿರಿಯರನ್ನೂ ಕೇಳಬೇಕು. ಬೇಡ ಎಂದರೆ ಬೇಡ.

ಆಕ್ಷೇಪಗಳು

ಎಣಿಸಿದರೆ ಕಾವ್ಯ ಸಿಕ್ಕೀತೇ ಎಂಬುದು ಹಳೆಯ ಪ್ರಶ್ನೆ. ಸಿಗುವುದಿಲ್ಲ. ಸಿಗುತ್ತದೆ ಎಂದು ಈ ಕ್ಷೇತ್ರದ ಪ್ರಾಮಾಣಿಕರು ಹೇಳಿಯೂ ಇಲ್ಲ. ಎಣಿಕೆ ಎಲ್ಲಿ ಮತ್ತೆ ಓದಬೇಕು ಎಂದು ಬೆರಳು ತೋರುತ್ತದೆ, ಓದಬೇಕಾದವರು ನಾವೇ. ಜಾದವಪುರ ವಿಶ್ವವಿದ್ಯಾಲಯ 2013ರಲ್ಲಿ ತಂದ ‘ಬಿಚಿತ್ರ’ದಲ್ಲಿ ರವೀಂದ್ರನಾಥ ಠಾಕೂರರ ಹಸ್ತಪ್ರತಿಗಳೂ ಮುದ್ರಿತ ಆವೃತ್ತಿಗಳೂ ಒಂದೆಡೆ ಇವೆ. ಕವಿ ಒಂದು ಸಾಲನ್ನು ಎಷ್ಟು ಬಾರಿ ತಿದ್ದಿದ ಎಂದು ನೋಡಿದವರು ಕಾವ್ಯದಿಂದ ದೂರ ಹೋಗಲಾರರು. ಕುವೆಂಪು, ಬೇಂದ್ರೆಯವರಿಗೆ ಅಂಥದೊಂದು ಕೆಲಸ ಕನ್ನಡದಲ್ಲಿ ಆಗಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ವಿದ್ಯಾರ್ಥಿಗಳನ್ನು ಸಂಬಳವಿಲ್ಲದ ಟೈಪಿಸ್ಟುಗಳನ್ನಾಗಿ ಮಾಡಿ, ಹೆಸರು ಬೇರೆಯವರು ಹೊಡೆದುಕೊಳ್ಳುವ ಅಪಾಯ ನಿಜ. ಯಾರು ಯಾವ ಪುಟ ತಿದ್ದಿದರು ಎಂದು ಹೆಸರು ಸಮೇತ ದಾಖಲಾಗದ ಯೋಜನೆಗೆ ವಿದ್ಯಾರ್ಥಿಯನ್ನು ಕಳಿಸಬಾರದು.

ಮೂರನೆಯದು ಕೃತಕ ಬುದ್ಧಿಮತ್ತೆ. ಎಲ್ಲವನ್ನೂ ಅದೇ ಓದಿ ಹೇಳುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಹೊಸಗನ್ನಡದ ಅನುವಾದ, ಧ್ವನಿಯಿಂದ ಬರಹ ಇವುಗಳಲ್ಲಿ ಕೇಂದ್ರದ ಭಾಷಿಣಿ ಯೋಜನೆಯೂ ಐಐಟಿ ಮದ್ರಾಸಿನ ಎಐ4ಭಾರತ್ ತಂಡವೂ ದೊಡ್ಡ ಹೆಜ್ಜೆ ಇಟ್ಟಿವೆ. ಆದರೆ ಚಾಟ್‌ಬಾಟಿಗೆ ಹಳಗನ್ನಡದ ಪದ್ಯ ಕೊಟ್ಟು ಅನ್ವಯ ಕೇಳಿದರೆ ತಪ್ಪನ್ನೂ ಅನುಮಾನವಿಲ್ಲದ ದನಿಯಲ್ಲಿ ಹೇಳಿಬಿಡುತ್ತದೆ. ಆ ತಪ್ಪನ್ನು ಹಿಡಿಯಬಲ್ಲವನಿಗೆ ಅದು ಒಳ್ಳೆಯ ಆಳು, ಹಿಡಿಯಲಾರದವನಿಗೆ ಕೆಟ್ಟ ಗುರು. ಯಂತ್ರ ಕಲಿಯುವುದು ಮನುಷ್ಯರು ಶುದ್ಧವಾಗಿ ಕೊಟ್ಟ ಪಠ್ಯದಿಂದ. ಬೆರಳಚ್ಚಿಗೆ ಬಾರದ ಕಾಡುಗೊಲ್ಲರ ಹಾಡು ಅದಕ್ಕೆ ಗೊತ್ತಿರಲು ಸಾಧ್ಯವಿಲ್ಲ.

ಕಾಲೇಜು ಏನು ಮಾಡಬೇಕು

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ನಮ್ಮ ಪದವಿ ತರಗತಿಗಳಿಗೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆ ಬಂತು. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪತ್ರಿಕೆಗಳ ಹೆಸರು ಬದಲಾಗುತ್ತವೆ. ಬದಲಾಗದೆ ಉಳಿದಿರುವ ಕೊರತೆ ಒಂದೇ: ಕಂಪ್ಯೂಟರ್ ಪಾಠ ಕನ್ನಡ ವಿಭಾಗದ ಒಳಗೆ, ಕನ್ನಡ ಪಠ್ಯದ ಮೇಲೆ ನಡೆಯುವುದಿಲ್ಲ. ಅದಕ್ಕೆ ಹೊಸ ವಿಭಾಗ, ಹೊಸ ಹುದ್ದೆ ಬೇಕಿಲ್ಲ. ಎಂ.ಎ.ಯಲ್ಲಿ ಈಗಾಗಲೇ ಇರುವ ಕಿರುಪ್ರಬಂಧಕ್ಕೆ ಪರ್ಯಾಯವಾಗಿ ಒಂದು ದತ್ತಾಂಶದ ಕೆಲಸವನ್ನು ಒಪ್ಪಿಕೊಂಡರೆ ಸಾಕು: ಒಂದು ಹೋಬಳಿಯ ಶಾಸನಗಳ ಪಟ್ಟಿ ಮತ್ತು ನಕ್ಷೆ, ಒಂದು ಹಳೆಯ ಪುಸ್ತಕದ ಪೂರ್ತಿ ಕರಡು ತಿದ್ದುವಿಕೆ, ಒಬ್ಬ ಹಾಡುಗಾರ್ತಿಯ ಹಾಡುಗಳ ಲಿಪ್ಯಂತರ. ಜೊತೆಗೆ ಏನು ಮಾಡಿದೆ, ಯಾವುದನ್ನು ಹೇಗೆ ತೀರ್ಮಾನಿಸಿದೆ, ಎಲ್ಲಿ ಸಂಶಯ ಉಳಿಯಿತು ಎಂಬ 20 ಪುಟದ ಬರಹ. ಕೆಲಸಕ್ಕೆ ಅರ್ಜಿ ಹಾಕುವಾಗ ಇಂಥ ಒಂದು ಕೆಲಸವನ್ನು ತೋರಿಸಿದರೆ ಹತ್ತು ತಂತ್ರಾಂಶಗಳ ಹೆಸರಿಗಿಂತ ಅದು ಹೆಚ್ಚು ತೂಗುತ್ತದೆ. ವಸ್ತುಸಂಗ್ರಹಾಲಯ, ಗ್ರಂಥಾಲಯ, ಪ್ರಕಾಶನ, ಪತ್ರಿಕೆ, ಭಾಷಾ ತಂತ್ರಜ್ಞಾನದ ಕಂಪನಿಗಳಿಗೆ ಬೇಕಾಗಿರುವುದು ಕನ್ನಡದ ಸೂಕ್ಷ್ಮ ಬಲ್ಲ, ಅಚ್ಚುಕಟ್ಟಾಗಿ ದಾಖಲಿಸಬಲ್ಲ ಜನ.

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗಾಗಿ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯ ಮತ್ತು ಚಿತ್ರದುರ್ಗದ ಬಳಿ ಜಿ.ಆರ್. ಹಳ್ಳಿಯಲ್ಲಿರುವ ಅದರ ಜ್ಞಾನಗಂಗೋತ್ರಿ ಈ ಪ್ರಯೋಗಕ್ಕೆ ಹೇಳಿ ಮಾಡಿಸಿದ ಜಾಗ. ಹುಲ್ಲೂರು ಶ್ರೀನಿವಾಸ ಜೋಯಿಸರಿಂದ ಬಿ. ರಾಜಶೇಖರಪ್ಪ, ಲಕ್ಷ್ಮಣ ತೆಲಗಾವಿಯವರವರೆಗೆ ಈ ಜಿಲ್ಲೆಯ ಚರಿತ್ರೆಯನ್ನು ಊರೂರು ಅಲೆದು ಬರೆದ ಪರಂಪರೆ ಇಲ್ಲಿದೆ. ಆ ಅಲೆದಾಟದ ಶ್ರಮವನ್ನೂ ಓದಿನ ಶಿಸ್ತನ್ನೂ ಹೊಸ ಉಪಕರಣ ಬದಲಿಸುವುದಿಲ್ಲ. ಒಬ್ಬರು ಕಂಡದ್ದನ್ನು ಮುಂದಿನವರು ಮೊದಲಿಂದ ಹುಡುಕಬೇಕಾದ ದಂಡವನ್ನು ಮಾತ್ರ ಅದು ತಪ್ಪಿಸುತ್ತದೆ.

ಹಾಗೆ ತಪ್ಪಬೇಕಾದರೆ ಒಂದು ನಿಯಮ ಇವತ್ತೇ ಬರಬೇಕು. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರಕ್ಕೆ ಸೇರುತ್ತವೆ. ಆದರೆ ಹಳೆಯ ಫಾಂಟಿನಲ್ಲಿ ಸಿದ್ಧವಾದ, ಇಲ್ಲವೇ ಸ್ಕ್ಯಾನ್ ಮಾಡಿದ ಕನ್ನಡ ಪಿಡಿಎಫ್‌ಗಳಲ್ಲಿ ಒಂದು ಪದವನ್ನೂ ಹುಡುಕಲಾಗುವುದಿಲ್ಲ. ವರ್ಷಗಟ್ಟಲೆ ದುಡಿದು ಬರೆದದ್ದು ಅಲ್ಲಿದ್ದೂ ಕಾಣದಂತಿರುತ್ತದೆ. ಕನ್ನಡ, ಇತಿಹಾಸ, ಜಾನಪದ ವಿಭಾಗಗಳಿಗೆ ಸಲ್ಲಿಸುವ ಪ್ರತಿಯೊಂದು ಪ್ರಬಂಧದ ಜೊತೆ ಯೂನಿಕೋಡ್ ಪಠ್ಯವನ್ನೂ, ಅನುಬಂಧದ ಪಟ್ಟಿಗಳನ್ನು ಎಕ್ಸೆಲ್ ಹಾಳೆಯಾಗಿಯೂ ಕೊಡಬೇಕು ಎಂದು ವಿಶ್ವವಿದ್ಯಾಲಯಗಳು ಕಡ್ಡಾಯ ಮಾಡಲಿ. ಇದಕ್ಕೆ ಹಣ ಬೇಡ, ಒಂದು ಸುತ್ತೋಲೆ ಸಾಕು. ಐದು ವರ್ಷದಲ್ಲಿ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ಬಗ್ಗೆ ಬರೆದದ್ದೆಲ್ಲ ಮುಂದಿನ ವಿದ್ಯಾರ್ಥಿಯ ಹುಡುಕಾಟಕ್ಕೆ ಸಿಗುವಂತಾಗುತ್ತದೆ. ಆಗ ಬಾಗೂರಿನಿಂದ ಬರುವವರು ತಂತ್ರಾಂಶ ಕಲಿಯಲು ಕಾರಣ ಹುಡುಕಬೇಕಾಗುವುದಿಲ್ಲ, ತಮ್ಮ ಊರಿನ ಬಗ್ಗೆ ಕೇಳಬೇಕಾದ ಪ್ರಶ್ನೆಯೇ ಅವರಿಗೆ ಸಾಕಷ್ಟು ಕಾರಣ ಕೊಡುತ್ತದೆ.